ಬೇಡವೆನ್ನುವ ಬಾಗಿಲು

ಎರಡು ಕವಲಾಗಿ ಹರಿಯುವ ಹೊಳೆಯ ನಡುವೆ ಒಂದು ಊರಿತ್ತು. ಆ ಊರಿನಲ್ಲಿ ಬೇಡವೆಂದು ಬಾಯಿಬಿಟ್ಟು ಹೇಳದವರೆಲ್ಲ ಬೇಕೆಂದವರೇ. ಅದು ಅಲ್ಲಿಯ ಕಟ್ಟಳೆ. ಯಾರು ಮಾಡಿದ್ದೆಂದು ಯಾರೂ ಕೇಳಿರಲಿಲ್ಲ. ಕೇಳದೆ ಇದ್ದುದರಿಂದ ಆ ಕಟ್ಟಳೆಯೂ ಊರಿಗೆ ಬೇಕಾದದ್ದೇ ಎಂದಾಗಿಹೋಗಿತ್ತು.

ಊರಿನ ಬಡಗಣ ದಿಬ್ಬದ ಮೇಲೆ ಕೊಡುಗೆಮನೆ. ಅದರ ಮುಂಬಾಗಿಲು ಆನೆ ನುಗ್ಗುವಷ್ಟು ಅಗಲ. ಪ್ರತಿ ಹುಣ್ಣಿಮೆಯ ಬೆಳಿಗ್ಗೆ ಆ ಬಾಗಿಲಿನಿಂದ ಹಳದಿ ರುಮಾಲಿನವರು ಸಾಲಾಗಿ ಇಳಿದು ಬರುತ್ತಿದ್ದರು, ಕೈಯಲ್ಲಿ ಒಂದೊಂದು ಬಟ್ಟಲು ಹಿಡಿದು. ಒಂದು ಬಟ್ಟಲಲ್ಲಿ ಆರದ ಕೆಂಡ. ಒಂದರಲ್ಲಿ ತಂಪಾದ ನೆರಳು. ಒಂದರಲ್ಲಿ ನಿದ್ದೆ.

ಆ ಊರಿನಲ್ಲಿ ದೊಡ್ಡವರನ್ನು ಅವರ ಕೆಲಸದಿಂದಲೇ ಕರೆಯುತ್ತಿದ್ದರು. ಹೆಸರು ಇರುತ್ತಿದ್ದದ್ದು ಮಕ್ಕಳಿಗೆ ಮಾತ್ರ. ಹಾಗಾಗಿ ಜೊಂಡಿನ ಚಾಪೆ ಹೆಣೆಯುವವಳನ್ನು ಎಲ್ಲರೂ ಚಾಪೆಯವಳು ಎನ್ನುತ್ತಿದ್ದರು. ಅವಳ ಏಳು ವರ್ಷದ ಮಗಳಿಗೆ ಚಿಕ್ಕತಾಯಿ ಎಂದು ಹೆಸರಿತ್ತು. ಚಾಪೆಯವಳ ಗಂಡ ಅಂಬಿಗ. ಹೊಳೆ ತುಂಬಿದ್ದ ಒಂದು ದಿನ ಅವಳ ಕಣ್ಣೆದುರೇ ಅವನು ಸುಳಿಗೆ ಸಿಕ್ಕ; ದೋಣಿ ಮಾತ್ರ ದಡಕ್ಕೆ ಬಂತು, ಅವನು ಬರಲಿಲ್ಲ. ಅಂದಿನಿಂದ ಚಿಕ್ಕತಾಯಿ ಕಣ್ಣು ಮುಚ್ಚಲಿಲ್ಲ. ಕಣ್ಣು ಮುಚ್ಚಿದರೆ ಹೊಳೆ ಕಾಣುತ್ತದೆ ಎನ್ನುತ್ತಿದ್ದಳು. ಹತ್ತು ದಿನವಾಯಿತು, ಇಪ್ಪತ್ತು ದಿನವಾಯಿತು. ಹುಡುಗಿಯ ಕಣ್ಣ ಕೆಳಗೆ ಕಪ್ಪು ಇಳಿಯಿತು, ಕೈಕಾಲು ಕಡ್ಡಿಯಾಯಿತು. ಗಂಡನನ್ನು ಕಳೆದುಕೊಂಡವಳಿಗೆ ಈಗ ಮಗಳನ್ನೂ ಕಳೆದುಕೊಳ್ಳುವ ಭಯ ಹಿಡಿಯಿತು.

ನಿದ್ದೆಯ ಬಟ್ಟಲಿನವನು ಬಂದದ್ದು ಆಗ, ಹುಣ್ಣಿಮೆಯ ದಿನ. ಮಟಮಟ ಮಧ್ಯಾಹ್ನ, ಹೊಸ್ತಿಲ ಆಚೆ ನಿಂತು ಕೈಮುಗಿದ. ಮುಖ ತುಂಬ ಸೌಮ್ಯ.

"ಮಗು ಮಲಗ್ತಿಲ್ಲ ಅಂತ ಕೇಳಿದೆ ತಾಯಿ. ಇದನ್ನ ಹಣೆಗೆ ಒಂದು ಹನಿ ಸವರಿ. ಮುಂದಿನ ಹುಣ್ಣಿಮೆ ತನಕ ಸುಮ್ಮನೆ ಇಟ್ಕೊಳ್ಳಿ. ನಮಗೇನೂ ಬೇಡ."

"ಆಮೇಲೆ?"

"ಆಮೇಲೆ ನಿಮಗೆ ಬೇಡ ಅನ್ನಿಸಿದರೆ ಬೇಡ ಅನ್ನಿ. ಅಷ್ಟೇ."

ಒಳಗೆ ಮಗಳು ಗೋಡೆ ನೋಡುತ್ತ ಕೂತಿದ್ದಳು. ಚಾಪೆಯವಳು ಬಟ್ಟಲು ನೋಡಿದಳು. ಒಳಗೆ ನೀಲಿಯಾದ, ಹಾಲಿನಷ್ಟು ಮಂದವಾದ ನೀರು. "ಹೂಂ," ಎಂದಳು.

ಅವನು ಆ ಹೂಂ ಅನ್ನು ತಲೆಬಾಗಿ ಕೇಳಿಸಿಕೊಂಡ. ಯಾರೋ ಕೊಟ್ಟ ಹೂವನ್ನು ಕಣ್ಣಿಗೊತ್ತಿಕೊಳ್ಳುವವನ ಹಾಗೆ.

ಆ ದಿನ ಚಿಕ್ಕತಾಯಿ ಮಲಗಿದಳು. ತಾಯಿ ಅವಳ ಪಕ್ಕದಲ್ಲಿ ಕೂತು ಉಸಿರು ಎಣಿಸಿದಳು, ಅತ್ತಳು, ದಿಬ್ಬದ ಕಡೆ ತಿರುಗಿ ಕೈ ಮುಗಿದಳು. ತಿಂಗಳು ಕಳೆಯಿತು. ಹುಡುಗಿಯ ಕೆನ್ನೆಗೆ ಬಣ್ಣ ಬಂತು. ಬಟ್ಟಲು ಖಾಲಿಯಾಯಿತು. ಹುಣ್ಣಿಮೆಯ ಬೆಳಿಗ್ಗೆ ಎದ್ದು ನೋಡಿದರೆ ಬಟ್ಟಲು ತಾನಾಗಿ ತುಂಬಿತ್ತು.

ಅದೇ ಬೆಳಿಗ್ಗೆ ಅವಳು ಹೆಣೆಯಲು ಕೂತಳು. ಜೊಂಡು ಪೋಣಿಸಿ, ಕೋಲಿನಿಂದ ಬಡಿದು ಬಿಗಿಮಾಡಿದಳು. ಕೋಲು ಜೊಂಡಿಗೆ ತಾಗಿತು, ಸದ್ದು ಬರಲಿಲ್ಲ. ಮತ್ತೆ ಬಡಿದಳು. ಜೋರಾಗಿ ಬಡಿದಳು. ನೆಲಕ್ಕೆ ಬಡಿದಳು. ಕೈಗೆ ನೋವಾಯಿತೇ ಹೊರತು ಕಿವಿಗೆ ಏನೂ ಬೀಳಲಿಲ್ಲ. ಹದಿನೈದು ವರ್ಷ ಅವಳ ದಿನವನ್ನು ಅಳೆದು ಕೊಟ್ಟಿದ್ದ ಆ ಟಪ್ ಟಪ್ ಸದ್ದು ಮನೆಯಿಂದ ಹೋಗಿತ್ತು.

ಎರಡನೆಯ ಹುಣ್ಣಿಮೆಗೆ ಬಟ್ಟಲು ತುಂಬಿತು. ಕೊಡದಿಂದ ಬೀಳುವ ನೀರಿನ ಸದ್ದು ಹೋಯಿತು. ಭಯಬಿದ್ದು ನೀಲಿ ನೀರನ್ನು ಒಲೆಗೆ ಸುರಿದಳು, ಬಟ್ಟಲನ್ನು ಕಲ್ಲಿಗೆ ಬಡಿದು ಚೂರು ಮಾಡಿದಳು. ಮಗಳು ಮತ್ತೆ ಗೋಡೆ ನೋಡುತ್ತ ಕೂತಳು. ಮೂರನೆಯ ಹುಣ್ಣಿಮೆಗೆ ಹೊಸ ಬಟ್ಟಲು ಹೊಸ್ತಿಲ ಮೇಲಿತ್ತು, ತುಂಬಿತ್ತು. ಅವಳ ಬಳೆಗಳ ಸದ್ದು ಹೋಯಿತು. ಮುಟ್ಟಿದರೂ ಅಷ್ಟೇ, ಮುಟ್ಟದಿದ್ದರೂ ಅಷ್ಟೇ ಎಂದು ತಿಳಿದ ಮೇಲೆ ಮಗಳ ಹಣೆಗೆ ಮತ್ತೆ ಸವರತೊಡಗಿದಳು. ಈಗ ಹುಡುಗಿ ಹಗಲೂ ಮಲಗುತ್ತಿದ್ದಳು. ಎದ್ದಾಗಲೂ ಅರ್ಧ ನಿದ್ದೆಯಲ್ಲೇ ಉಣ್ಣುತ್ತಿದ್ದಳು.

ಬೇಡವೆನ್ನಬೇಕೆಂದು ಚಾಪೆಯವಳು ಬೀದಿಯಲ್ಲಿ ಬಟ್ಟಲಿನವನನ್ನು ಅಡ್ಡಹಾಕಿದಳು. ಅವನು ಮೊದಲಿನಷ್ಟೇ ಸೌಮ್ಯವಾಗಿ ಕೈಮುಗಿದ. "ನಾನು ಕೊಡೋನು ಮಾತ್ರ ತಾಯಿ. ಬೇಡ ಅನ್ನೋದನ್ನ ಕೇಳಿಸಿಕೊಳ್ಳೋರು ಬೇರೆ. ಹಿಂದುಗಡೆ ಬಾಗಿಲಿದೆ, ಅಲ್ಲಿ ಹೇಳಿ."

ಹಿಂದುಗಡೆಯ ಬಾಗಿಲು ಹುಡುಕಲು ಅವಳಿಗೆ ಅರ್ಧ ದಿನ ಹಿಡಿಯಿತು. ಮುಳ್ಳುಪೊದೆಯ ಹಿಂದೆ, ಬಗ್ಗಿ ಹೋಗಬೇಕಾದ ಬಾಗಿಲು. ಒಳಗೆ ಒಂದರ ಹಿಂದೆ ಒಂದು ಕೋಣೆ. ಪ್ರತಿ ಕೋಣೆಯಲ್ಲೂ ಒಬ್ಬೊಬ್ಬರು ಕೂತಿದ್ದರು, ಎಲ್ಲರ ಮುಖವೂ ಸೌಮ್ಯ.

"ಬಿಸಿಲಲ್ಲಿ ಬಂದಿದ್ದೀರಿ, ಕೂತ್ಕೊಳ್ಳಿ," ಎಂದಳು ಮೊದಲ ಕೋಣೆಯವಳು.

"ಹೂಂ," ಎಂದು ಚಾಪೆಯವಳು ಕೂತಳು. ಕೂತೊಡನೆ ಆ ಹೆಂಗಸಿನ ತುಟಿ ತುಸು ಅರಳಿದ್ದನ್ನು ಕಂಡಳು. ಆ ಸೂರಿನ ಕೆಳಗೆ ಯಾವುದಕ್ಕೆ ಹೂಂ ಅಂದರೂ ಎಲ್ಲಕ್ಕೂ ಹೂಂ ಅಂದಂತೆ. ಅವಳನ್ನು ಮೆಲ್ಲಗೆ ಎಬ್ಬಿಸಿ ಹೊರಗೆ ಬಿಟ್ಟರು. ಬಾಗಿಲು ಮುಚ್ಚಿತು.

ನಾಲ್ಕನೆಯ ಹುಣ್ಣಿಮೆ ಬಂತು. ಆ ಬೆಳಿಗ್ಗೆ ಅಪರೂಪಕ್ಕೆ ಚಿಕ್ಕತಾಯಿ ಎಚ್ಚರವಾಗಿದ್ದಳು. ಒಂದು ಕೋಳಿಮರಿ ಅವಳ ಲಂಗದೊಳಗೆ ನುಗ್ಗಿ ದಾರಿ ತಪ್ಪಿ ಒದ್ದಾಡಿತು. ಹುಡುಗಿ ನಕ್ಕಳು. ಬಾಯಿ ತೆರೆಯಿತು, ಹಲ್ಲು ಕಂಡಿತು, ಭುಜ ಕುಣಿಯಿತು. ದನಿ ಇಲ್ಲ. ಹುಡುಗಿ ನಗುತ್ತಲೇ ಇದ್ದಳು, ತನ್ನ ನಗು ಹೋಗಿರುವುದು ತನಗೇ ತಿಳಿಯದೆ.

ಮರುದಿನ ಚಾಪೆಯವಳು ಮತ್ತೆ ಬಗ್ಗಿ ಆ ಬಾಗಿಲು ಹೊಕ್ಕಳು. ಈ ಸಲ ಹಲ್ಲು ಕಚ್ಚಿ ನಡೆದಳು. ಕೂತ್ಕೊಳ್ಳಿ ಎಂದರು, ತಲೆ ಅಲ್ಲಾಡಿಸಿದಳು. ನೀರು ಕುಡಿಯುತ್ತೀರಾ ಎಂದರು, ತಲೆ ಅಲ್ಲಾಡಿಸಿದಳು. ಅರ್ಧ ಬಟ್ಟಲಾದರೆ ಸಾಕೇ, ಒಂದು ತಿಂಗಳು ನಿಲ್ಲಿಸಿ ಆಮೇಲೆ ಕೊಡೋಣವೇ, ಮಗು ಮತ್ತೆ ಗೋಡೆ ನೋಡುತ್ತ ಕೂರುವುದು ನಿಮಗೆ ಸಮ್ಮತವೇ ಎಂದರು. ಕೊನೆಯ ಮಾತಿಗೆ ಅವಳು ಒಮ್ಮೆ ಹಿಂತಿರುಗಿ ನೋಡಿದಳು. ಆದರೂ ಹತ್ತು ಕೋಣೆ ದಾಟಿದಳು. ಹನ್ನೊಂದನೆಯದರಲ್ಲಿ ಬೆಳ್ಳಗೆ ತಲೆ ನರೆತವನೊಬ್ಬ ಕೂತಿದ್ದ. ಅವನು ತಲೆಯೆತ್ತಿ, ಬಿಡಿಸಿ ಬಿಡಿಸಿ ಕೇಳಿದ.

"ಬೇಡವೆನ್ನುವುದು ನಿಮಗೆ ಬೇಕೋ, ಬೇಡವೋ?"

ಹತ್ತು ಕೋಣೆ ನುಂಗಿಕೊಂಡು ಬಂದಿದ್ದ ಮಾತು ಅವಳ ಬಾಯಿಂದ ಹಾರಿತು. "ಬೇಡ! ಬೇಡ!"

"ಸಂತೋಷ," ಎಂದ ಮುದುಕ. "ಬೇಡವೆನ್ನುವುದು ಬೇಡ. ಹಾಗೇ ಆಗಲಿ."

ಆ ಮಾತು ಅರ್ಥವಾಗುವ ಹೊತ್ತಿಗೆ ಅವಳು ಹೊರಗಿನ ಮುಳ್ಳುಪೊದೆಯ ಪಕ್ಕ ನಿಂತಿದ್ದಳು. ಆಮೇಲೆ ದಿನವೂ ಬಂದು ತಟ್ಟಿದರೂ ಆ ಬಾಗಿಲು ತೆರೆಯಲಿಲ್ಲ, ಐದನೆಯ ಹುಣ್ಣಿಮೆ ಹತ್ತಿರವಾಯಿತು.

ಪಕ್ಕದ ಬೀದಿಯಲ್ಲಿ ಗಂಟೆ ಎರಕ ಹೊಯ್ಯುವ ಮುದುಕನಿದ್ದ. ಗಂಟೆಯವನು. ಗಂಟೆಗಳ ಅಂಚಿನಲ್ಲಿ ಸಣ್ಣ ಸಣ್ಣ ಅಕ್ಷರ ಕೆತ್ತಿ ಪಳಗಿದ ಕಣ್ಣು ಅವನದು. ಚಾಪೆಯವಳು ಬಟ್ಟಲನ್ನು ಅವನ ಮುಂದೆ ಕವುಚಿ ಇಟ್ಟಳು. ಬಟ್ಟಲಿನ ತಳದಲ್ಲಿ ಗೀರುಗಳಿದ್ದವು. ಅವು ಗೀರಲ್ಲ, ರಾಗಿಕಾಳಿಗಿಂತ ಸಣ್ಣ ಅಕ್ಷರ ಎಂದ ಗಂಟೆಯವನು. ಬಿಸಿಲಿಗೆ ಹಿಡಿದು ಓದತೊಡಗಿದ.

"ಹೂಂ ಅಂದವರ ಮನೆಯಿಂದ ಹುಣ್ಣಿಮೆಗೊಂದು ಸದ್ದು, ಸೂರ್ಯ ಮೂಡುವ ಹೊತ್ತಿಗೆ. ಮೊದಲು ಕೆಲಸದ ಸದ್ದು. ಆಮೇಲೆ ನೀರಿನ ಸದ್ದು. ಆಮೇಲೆ ಮೈಮೇಲಿನ ಸದ್ದು. ನಾಲ್ಕನೆಯದು ನಗು." ಅವನು ನಿಲ್ಲಿಸಿದ.

"ಐದನೆಯದು?"

"ಬೇಡ ಕಣಮ್ಮ."

"ಓದಪ್ಪಾ."

"ಐದನೆಯದು, ಹೂಂ ಅಂದ ಬಾಯಿಯ ದನಿ. ಆಮೇಲೆ ಎಂದೆಂದಿಗೂ ಅಂತ ಬರೆದಿದೆ."

ಚಾಪೆಯವಳು ತನ್ನ ಗಂಟಲು ಮುಟ್ಟಿಕೊಂಡಳು. ದನಿ ಹೋದರೆ ಮಗಳನ್ನು ಕರೆಯುವವರಿಲ್ಲ. ದನಿ ಹೋದ ಬಾಯಿ ಬೇಡವೆನ್ನುವಂತಿಲ್ಲ. ಬೇಡವೆನ್ನದವಳು ಬೇಕೆಂದವಳೇ. ಬಾವಿಯೊಳಗೆ ಬಗ್ಗಿ ನೋಡಿ ತಳ ಕಾಣದವಳಂತೆ ಅವಳು ಆ ಅಕ್ಷರಗಳನ್ನೇ ನೋಡುತ್ತ ಕೂತಳು.

ಗಂಟೆಯವನು ತಾನು ಎರಕ ಹೊಯ್ದ ಒಂದು ಗಂಟೆಯನ್ನು ಎತ್ತಿ ತೂಗಿದ. ನಾಲಗೆ ಅಂಚಿಗೆ ಬಡಿಯಿತು. ಸದ್ದಿಲ್ಲ. "ಆರದ ಕೆಂಡಕ್ಕೆ ಅಂತ ನಾನೂ ಹೂಂ ಅಂದಿದ್ದೆ," ಎಂದ. "ವಯಸ್ಸಾಯ್ತು, ಎರಕದ ಹದ ಕೈ ತಪ್ಪಿಹೋಯ್ತು ಅಂತ ನಾಚಿಕೊಂಡು ಯಾರಿಗೂ ಹೇಳಿರಲಿಲ್ಲ. ಏಳು, ಚಾವಡಿಗೆ ಹೋಗೋಣ."

ಚಾವಡಿಯಲ್ಲಿ ಐವರು ಹಿರಿಯರು ಕೂತಿದ್ದರು. ನಡುವೆ ಹಿರಿಯಜ್ಜಿ, ಊರಿನ ಎಲ್ಲ ಕಟ್ಟಳೆಗಳನ್ನೂ ಬಾಯಲ್ಲಿ ಇಟ್ಟುಕೊಂಡವಳು. ಚಾಪೆಯವಳು ಹೇಳಿದ್ದನ್ನೆಲ್ಲ ಕೇಳಿ ಅಜ್ಜಿ ಕೇಳಿದಳು, "ಹೂಂ ಅಂದವಳು ನೀನೇ ಅಲ್ಲವೇನಮ್ಮಾ?"

"ನಾನೇ ಅಜ್ಜಿ. ಒಂದು ಸಲ ಅಂದೆ. ಅದನ್ನೇ ಅವರು ಹುಣ್ಣಿಮೆ ಹುಣ್ಣಿಮೆಗೂ ಕೇಳಿಸಿಕೊಂಡರು."

"ಬೇಡ ಅನ್ನಬಹುದಿತ್ತಲ್ಲ?"

"ಬೇಕು ಅಂದದ್ದು ನನ್ನ ಹೊಸ್ತಿಲಲ್ಲಿ, ಒಂದೇ ಉಸಿರಿಗೆ. ಬೇಡ ಅನ್ನೋಕೆ ಹನ್ನೊಂದು ಕೋಣೆ. ನೀವು ಯಾರಾದರೂ ಹೋಗಿ ನೋಡಿದ್ದೀರಾ?"

ಗಂಟೆಯವನು ತನ್ನ ಗಂಟೆಯನ್ನು ಕಲ್ಲುಚಪ್ಪಡಿಯ ಮೇಲೆ ಬೀಳಿಸಿದ. ಅದು ಹತ್ತಿಯ ಉಂಡೆಯಂತೆ ಬಿದ್ದು ಹೊರಳಿತು. ಹಿರಿಯರು ಬೆಚ್ಚಿದರು.

"ನಿಮ್ಮ ನಿಮ್ಮ ಮನೆಯಲ್ಲಿ ಯಾವ ಸದ್ದು ಕೇಳಿ ಎಷ್ಟು ದಿನವಾಯ್ತು, ನೆನಪು ಮಾಡಿಕೊಳ್ಳಿ," ಎಂದ.

ಮೂಲೆಯಲ್ಲಿದ್ದ ಹಿರಿಯ ಹೇಳಿದ, "ನನ್ನ ಹೆಂಡತಿ ಕರೆದರೆ ಕೇಳಿಸುವುದಿಲ್ಲ. ಕಿವಿ ಮಂದವಾಯಿತು ಅಂದುಕೊಂಡಿದ್ದೆ." ಹಾಗೆ ಹೇಳುವಾಗ ಅವನ ಮುಖ ಬಿಳಿಚಿಕೊಂಡಿತು. ಇನ್ನೊಬ್ಬ ತನ್ನ ತೊಟ್ಟಿಲ ಕೂಸು ಅಳುವುದೇ ಇಲ್ಲವೆಂದು, ಎಂಥ ಸಾಧು ಕೂಸು ಎಂದು ಹೆಮ್ಮೆಪಟ್ಟಿದ್ದನ್ನು ಹೇಳಿ ಎದ್ದುನಿಂತ, ಓಡುತ್ತ ಮನೆಗೆ ಹೋದ. ಹಿರಿಯಜ್ಜಿ ಮಾತ್ರ ಅಲುಗಾಡಲಿಲ್ಲ. ಕೊನೆಗೆ ಅವಳು ಬಾಯಿ ತೆರೆದಾಗ ದನಿ ಪಿಸುಮಾತಿನಷ್ಟೇ ಇತ್ತು. ಅದು ಎಂದಿನಿಂದ ಅಷ್ಟಾಗಿದೆಯೆಂದು ಯಾರೂ ಗಮನಿಸಿರಲಿಲ್ಲ.

ಅಂದು ಹಿರಿಯಜ್ಜಿ ಹೊಸ ಕಟ್ಟಳೆ ಮಾಡಿದಳು. ಪ್ರತಿ ಹುಣ್ಣಿಮೆಗೂ ಬಟ್ಟಲಿನವರು ಹೊಸ್ತಿಲಲ್ಲಿ ನಿಂತು, ಗಟ್ಟಿಯಾಗಿ, ಬೇಕೋ ಬೇಡವೋ ಎಂದು ಒಂದೇ ಮಾತಿನಲ್ಲಿ ಕೇಳಬೇಕು. ಬೇಕೆಂದು ಕೇಳಿಸಿಕೊಂಡವನೇ, ಕೇಳಿಸಿಕೊಂಡ ಬಾಗಿಲಲ್ಲೇ, ಬೇಡವೆಂಬುದನ್ನೂ ಕೇಳಿಸಿಕೊಳ್ಳಬೇಕು. ಸುಮ್ಮನಿದ್ದರೆ ಅದು ಹೂಂ ಅಲ್ಲ.

"ಆದರೆ ಕಟ್ಟಳೆ ಮನೆಮನೆಗೂ ಮುಟ್ಟಬೇಕು," ಎಂದಳು ಅಜ್ಜಿ. "ಹೊಸ್ತಿಲಿಗೆ ಮುಟ್ಟದ ಮಾತು ಆ ಹೊಸ್ತಿಲಿನ ಮಟ್ಟಿಗೆ ಇಲ್ಲ. ಇದು ಹಳೆಯ ನಿಯಮ, ಇದನ್ನು ನಾನು ಮುರಿಯಲಾರೆ. ಹುಣ್ಣಿಮೆಗೆ ಇನ್ನು ಮೂರು ದಿನ."

ಡಂಗುರದವನನ್ನು ಕರೆಸಿದರು. ಅವನು ಬಂದು ಬಾರಿಸಿದ. ಚರ್ಮ ನಡುಗಿತು, ಸದ್ದು ಬರಲಿಲ್ಲ. ಅವನು ಕೋಲು ಕೆಳಗಿಟ್ಟು ತಲೆ ಬಗ್ಗಿಸಿ ನಿಂತ.

"ನಾನು ಹೆಣೆಯುತ್ತೇನೆ," ಎಂದಳು ಚಾಪೆಯವಳು.

ಮೂರು ದಿನ ಅವಳು ಬಿಟ್ಟೂಬಿಡದೆ ಹೆಣೆದಳು. ಕಪ್ಪು ಬಣ್ಣ ಹಾಕಿದ ಜೊಂಡಿನಲ್ಲಿ ಅಕ್ಷರ, ಬಿಳಿ ಜೊಂಡಿನಲ್ಲಿ ನೆಲ. ಅಕ್ಷರಗಳು ಅಂಗೈಯಗಲ, ದೂರದಿಂದಲೂ ಕಾಣಬೇಕು. ಊರಿನ ಹೆಂಗಸರು ಬಂದು ಜೊಂಡು ಸೀಳಿಕೊಟ್ಟರು, ಗಂಟೆಯವನು ಅಕ್ಷರ ತಪ್ಪದಂತೆ ನೋಡಿಕೊಂಡ. ಮುಗಿದದ್ದು ಮುಗಿದ ಹಾಗೆ ಒಯ್ದು ಹೊಸ್ತಿಲ ಮುಂದೆ ಹಾಸಿದರು. ಅವಳ ಬೆರಳಿನ ತುದಿ ಒಡೆದು ಬಿಳಿ ಜೊಂಡಿಗೆ ರಕ್ತ ಹತ್ತಿತು. ಒಳಗೆ ಚಿಕ್ಕತಾಯಿ ಚಾಪೆಯ ಮೇಲೆ ಮಲಗಿಯೇ ಇದ್ದಳು. ಒಂದು ದಿನವಿಡೀ ಅವಳು ಕಣ್ಣೇ ತೆರೆಯಲಿಲ್ಲ. ಚಾಪೆಯವಳು ಆಗಾಗ ಹೋಗಿ ಅವಳ ಮೂಗಿನ ಮುಂದೆ ಬೆರಳು ಹಿಡಿದು ನೋಡಿ ಬರುತ್ತಿದ್ದಳು.

ಹುಣ್ಣಿಮೆಯ ದಿನ ಮೂಡಣ ಬೆಳ್ಳಗಾಗುವ ಹೊತ್ತಿಗೆ ಎಲ್ಲ ಹೊಸ್ತಿಲಿಗೂ ಚಾಪೆಯಾಗಿತ್ತು. ಅವಳ ಹೊಸ್ತಿಲೊಂದು ಉಳಿದಿತ್ತು. ಜೊಂಡು ಮುಗಿದಿತ್ತು. ಸಹಾಯಕ್ಕೆ ಬಂದವರೆಲ್ಲ ತಮ್ಮ ತಮ್ಮ ಬಾಗಿಲು ಕಾಯಲು ಓಡಿದ್ದರು.

ಅವಳು ಮನೆಯಲ್ಲೆಲ್ಲ ಹುಡುಕಿದಳು. ಉಳಿದಿದ್ದದ್ದು ಮಗಳು ಮಲಗಿದ್ದ ಚಾಪೆ. ಹುಡುಗಿಯನ್ನು ಮೆಲ್ಲಗೆ ಹೊರಳಿಸಿ ಬರಿನೆಲಕ್ಕೆ ಸರಿಸಿದಳು. ಚಾಪೆಯನ್ನು ಬಿಚ್ಚಿದಳು, ಬಿಚ್ಚಿದ ಜೊಂಡಿಗೆ ಮಸಿ ಬಳಿದಳು, ಹೆಣೆದಳು. ಮೊದಲ ಸಾಲು ಮುಗಿಯಿತು: ಬೇಕೋ ಬೇಡವೋ ಎಂದು ಕೇಳಬೇಕು. ಎರಡನೆಯದು ಮುಗಿಯಿತು: ಕೊಟ್ಟವನೇ ಕೇಳಿಸಿಕೊಳ್ಳಬೇಕು. ಸುಮ್ಮನಿದ್ದರೆ ಅದು ಹೂಂ ಅಲ್ಲ ಎಂಬ ಮೂರನೆಯ ಸಾಲಿಗೆ ಕೈ ಹಾಕಿದಾಗ ಅಂಗಳದಲ್ಲಿ ನೆರಳು ಬಿತ್ತು.

ಬಟ್ಟಲಿನವನು ನಿಂತಿದ್ದ. ಬಗ್ಗಿ, ಹಾಸಿದ್ದ ಅರೆಚಾಪೆಯನ್ನು ಓದಿದ. ಎರಡು ಸಲ ಓದಿದ.

"ಒಳ್ಳೆಯದು," ಎಂದ. "ಕೇಳೋಣ. ಬೇಡವೆನ್ನುವುದು ನಿಮಗೆ..."

ಚಾಪೆಯವಳು ಮೊದಲ ಸಾಲನ್ನು ಬೆರಳಿನಿಂದ ತೋರಿಸಿದಳು. ಅವನು ನಿಲ್ಲಿಸಿದ. ಅವನ ಮುಖದ ಸೌಮ್ಯತೆ ಒಂದು ಗಳಿಗೆ ಕದಲಿ ಮತ್ತೆ ನೆಲೆನಿಂತಿತು.

"ಬೇಕೋ, ಬೇಡವೋ?"

ಅವಳು ಬಾಯಿ ತೆರೆದಳು. ಆದರೆ ಸೂರ್ಯನ ಅಂಚು ಆಗಲೇ ಹೊಳೆಯ ಮೇಲೆ ಎದ್ದಿತ್ತು. ಗಂಟಲಿನಿಂದ ಗಾಳಿ ಬಂತು, ಮಾತು ಬರಲಿಲ್ಲ. ಮತ್ತೆ ಯತ್ನಿಸಿದಳು. ಕುತ್ತಿಗೆಯ ನರ ಉಬ್ಬಿತು, ಕಣ್ಣಲ್ಲಿ ನೀರು ಬಂತು. ತಲೆಯನ್ನು ಜೋರಾಗಿ ಅಲ್ಲಾಡಿಸಿದಳು.

"ತಲೆ ಅಲ್ಲಾಡಿಸಿದರೆ ಏನು ಅಂತ ಇಲ್ಲಿ ಬರೆದಿಲ್ಲ ತಾಯಿ," ಎಂದ ಅವನು ಮೃದುವಾಗಿ. "ಸುಮ್ಮನಿದ್ದರೆ ಏನು ಅಂತಾನೂ ಬರೆದಿಲ್ಲ. ಹಾಗಾದರೆ ಹಳೆಯದೇ ಸರಿ." ಬಟ್ಟಲನ್ನು ಮುಂದೆ ಹಿಡಿದು ಹೊಸ್ತಿಲು ದಾಟಲು ಕಾಲೆತ್ತಿದ.

"ಬೇಡ."

ದನಿ ಅವಳ ಹಿಂದಿನಿಂದ ಬಂದಿತ್ತು. ಚಿಕ್ಕತಾಯಿ ಎದ್ದು ಕೂತಿದ್ದಳು. ಬರಿನೆಲದ ತಂಪು ಹತ್ತಿ ಅವಳ ಕೆನ್ನೆ ಒಂದು ಕಡೆ ಕೆಂಪಾಗಿತ್ತು. ತೂಕಡಿಕೆ ತುಂಬಿದ ಕಣ್ಣನ್ನು ಬಲವಂತವಾಗಿ ತೆರೆದುಕೊಂಡಿದ್ದಳು.

ಬಟ್ಟಲಿನವನು ಕಾಲನ್ನು ಗಾಳಿಯಲ್ಲೇ ಹಿಡಿದು ನಕ್ಕ. "ಇದು ನಿನಗೇ ಕಣಮ್ಮ. ನಿನ್ನಮ್ಮ ನಿನಗೋಸ್ಕರ ಹೂಂ ಅಂದಿದ್ದು. ಇದಿಲ್ಲದೆ ಹೋದರೆ ನಿನಗೆ ಮತ್ತೆ ಹೊಳೆ ಕಾಣುತ್ತೆ. ಖಾಲಿ ದೋಣಿ ಕಾಣುತ್ತೆ."

ಹುಡುಗಿ ಗೋಡೆ ಹಿಡಿದು ಎದ್ದು, ತಾಯಿಯ ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕಾಣಲಿ," ಎಂದಳು. "ಬೇಡ ಅಂದೆನಲ್ಲ."

ಕೊಟ್ಟವನೇ ಕೇಳಿಸಿಕೊಳ್ಳಬೇಕು ಎಂದು ಅವನ ಕಾಲಡಿಯಲ್ಲಿ ಬರೆದಿತ್ತು. ಅವನು ಕೇಳಿಸಿಕೊಂಡಾಗಿತ್ತು. ಎತ್ತಿದ ಕಾಲನ್ನು ಹಿಂದಕ್ಕಿಟ್ಟ. ಮುಂದೆ ಬಂದಷ್ಟೇ ಹೆಜ್ಜೆ ಹಿಂದೆ ಹೋದ. ಬಟ್ಟಲಿನ ನೀಲಿ ನೀರು ತುಳುಕಿ ಅಂಗಳಕ್ಕೆ ಒಂದೆರಡು ಹನಿ ಬಿತ್ತು. ಅಲ್ಲಿದ್ದ ಇರುವೆಗಳು ಸಾಲಿನಲ್ಲೇ ನಿಂತು ನಿದ್ದೆಹೋದವು.

ಅಂದು ಊರಿನಲ್ಲಿ ಹಲವು ಬಾಗಿಲುಗಳಿಂದ ಬೇಡವೆಂಬ ಮಾತು ಕೇಳಿಬಂತು. ದನಿ ಎಂದೋ ಹೋಗಿದ್ದವರ ಮನೆಗಳಲ್ಲಿ ಯಾರೂ ಉತ್ತರಿಸಲಿಲ್ಲ. ಅಲ್ಲಿ ಮೂರನೆಯ ಸಾಲು ಓದಿ ಹಳದಿ ರುಮಾಲಿನವರು ತಿರುಗಿ ನಡೆದರು. ಕೆಲವರು ಬಾಗಿಲಿಗೆ ಬಂದು, ಕಣ್ಣು ತಗ್ಗಿಸಿ, ಬೇಕು ಎಂದರು. ಹೋದ ಸದ್ದುಗಳ ವಿಚಾರ ಮಾತ್ರ ಏನೂ ಆಗಲಿಲ್ಲ. ಹೋದದ್ದನ್ನು ವಾಪಸು ತರಬೇಕೆಂದು ಕಟ್ಟಳೆಯಲ್ಲಿ ಇರಲಿಲ್ಲ. ಆ ಸಾಲನ್ನು ಹೇಳಲು ಹೊಳೆಯಲಿಲ್ಲವೆಂದು ಹಿರಿಯಜ್ಜಿ ಚಾವಡಿಯಲ್ಲಿ ಕೂತು ಅತ್ತಳಂತೆ.

ಬಿಸಿಲೇರಿದ ಮೇಲೆ ಚಾಪೆಯವಳ ಗಂಟಲಿಗೆ ಅರ್ಧ ದನಿ ಮರಳಿತು, ಒಣ ಎಲೆ ಉಜ್ಜಿದಂಥ ದನಿ. ಉಳಿದರ್ಧ ಸೂರ್ಯನ ಅಂಚಿನೊಡನೆ ಹೋಗಿತ್ತು. ಆ ದನಿಯಲ್ಲಿ ಮಗಳನ್ನು ಉಣ್ಣಲು ಕರೆದಳು. ಚಿಕ್ಕತಾಯಿ ಉಣ್ಣಲಿಲ್ಲ.

"ಅಮ್ಮಾ, ಅಪ್ಪ ಎಲ್ಲಿ ಮುಳುಗಿದ್ದು?"

ಇಷ್ಟು ತಿಂಗಳಲ್ಲಿ ಹುಡುಗಿ ಇದನ್ನು ಕೇಳಿರಲಿಲ್ಲ. ಕೇಳುವಷ್ಟು ಹೊತ್ತು ಅವಳು ಎಚ್ಚರವಿದ್ದದ್ದೇ ಇಲ್ಲ. ಚಾಪೆಯವಳಿಗೆ ಹೆದರಿಕೆಯಾಯಿತು. ಬಟ್ಟಲಿನವನ ಮುಂದೆ ಆದದ್ದಕ್ಕಿಂತ ಬೇರೆ ಹೆದರಿಕೆ. ಇದನ್ನು ತೆಗೆದುಕೊಂಡು ಹೋಗಲು ಯಾರೂ ಬರುವವರಿರಲಿಲ್ಲ. ಮಗಳ ಕೈ ಹಿಡಿದು ಹೊಳೆಯ ದಡಕ್ಕೆ ನಡೆದಳು. ನೀರು ಇಳಿದಿತ್ತು. ದಡದಿಂದ ಹತ್ತು ಮಾರು ದೂರದಲ್ಲಿ ಕರಿಬಂಡೆಯೊಂದು ಎದ್ದಿತ್ತು, ಅದರ ಸುತ್ತ ಸುಳಿ ತಿರುಗುತ್ತಿತ್ತು. ಅವಳು ಕೈ ಎತ್ತಿ ಅಲ್ಲಿಗೆ ತೋರಿಸಿದಳು.

ಚಿಕ್ಕತಾಯಿ ಎವೆ ಮಿಟುಕಿಸದೆ ನೋಡಿದಳು. ತುಂಬ ಹೊತ್ತು ನೋಡಿದಳು.

"ಇಷ್ಟು ಹತ್ತಿರಾನಾ?" ಎಂದು ಕೇಳಿದಳು.